ಯಾವ ಪಚ್ಚ

ನಮ್ಮ ಮನೆಯ ಪಡಸಾಲೆ ಹೆಸರಿಗಷ್ಟೇ ನಮ್ಮದು. ವರ್ಷದ ಅರ್ಧ ಭಾಗ ಅಲ್ಲಿ ಯಾವುದೋ ದೇವಡಿಯ, ಎಂದರೆ ನವಾಬರ ಕಾಲದ ದೊಡ್ಡ ಮನೆಯ, ನವಿಲೋ, ಯಾವುದೋ ಚರ್ಚಿನ ಸಂತನೋ ನೆಲದ ಮೇಲೆ ಉದ್ದಕ್ಕೆ ಮಲಗಿರುತ್ತಿದ್ದರು. ನಾವು ಗೋಡೆಗೆ ಬೆನ್ನು ಸವರಿಕೊಂಡು ಅಡುಗೆಮನೆಗೆ ಹೋಗಬೇಕು. ಅಪ್ಪನ ಕಸುಬು ಹಳೆಯ ಬಣ್ಣದ ಗಾಜಿನ ಕಿಟಕಿಗಳನ್ನು ಸರಿಮಾಡುವುದು. ಸಣ್ಣ ಸಣ್ಣ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯೊಳಗೆ ಕೂರಿಸಿ, ಬೆಸೆದು, ಚಿತ್ರ ಮಾಡಿರುತ್ತಾರಲ್ಲ, ಅಂಥವು. ಮುರಿದ ಕಿಟಕಿಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದ, ಪಡಸಾಲೆಯ ತಾಂಡೂರು ಕಲ್ಲಿನ ಮೇಲೆ ಮಲಗಿಸುತ್ತಿದ್ದ, ಸೀಮೆಸುಣ್ಣದಿಂದ ಅದೇ ಅಳತೆಯ ಚಿತ್ರವನ್ನು ನೆಲದ ಮೇಲೆ ಬರೆದು ಯಾವ ತುಂಡಿಗೆ ಯಾವ ಬಣ್ಣ ಎಂದು ಒಳಗೆ ಗುರುತು ಹಾಕುತ್ತಿದ್ದ. ಆಮೇಲೆ ಕೆಲಸ ಮುಗಿಯುವ ತನಕ ಕಸಬರಿಗೆಗೆ ಅಲ್ಲಿ ಪ್ರವೇಶವಿಲ್ಲ. ಅಮಾವಾಸ್ಯೆಗೂ ಇಲ್ಲ, ಹಬ್ಬಕ್ಕೂ ಇಲ್ಲ. ಜಹೀರಾಬಾದಿನಿಂದ ಜೀಪು ಹಿಡಿದು ಬಂದ ನೆಂಟರನ್ನು ಹಿತ್ತಲಲ್ಲಿ ಕುರಿಗಳ ಪಕ್ಕ ಕೂರಿಸಿ ಚಹಾ ಕೊಟ್ಟು ಕಳಿಸಿದ್ದೂ ಉಂಟು. ಅವ್ವನ ತವರಿನವರು ಇದನ್ನು ಬಹಳ ಕಾಲ ಆಡಿಕೊಂಡರು.

ನಾವು ಕುರಿ ಕಾಯುವ ಮನೆತನದವರು, ಊರು ತೆಲುಗು ಸೀಮೆಯ ಗಡಿಯಲ್ಲಿ, ನ್ಯಾಲ್ಕಲ್ ಕಡೆಯದು. ಮದುವೆಗೆ ಮುಂಚೆ ಅಪ್ಪ ನಾರಾಯಣಖೇಡದ ಒಂದು ಹಳೆಯ ದೇವಡಿಯ ಹಿಂದೆ ಕುರಿ ಮೇಯಿಸುತ್ತಿದ್ದನಂತೆ. ಹೈದರಾಬಾದಿನಿಂದ ಬಂದ ಉಸ್ತಾದರೊಬ್ಬರು ಅಲ್ಲಿಯ ಕಮಾನುಗಳ ಬಣ್ಣದ ಗಾಜು ಬದಲಿಸುತ್ತಿದ್ದರು. ಅಪ್ಪ ಅದನ್ನೇ ನೋಡುತ್ತ ನಿಂತ, ಕುರಿಗಳು ಯಾರದೋ ತೊಗರಿ ಮೇದವು. ಹೊಲದವರು ಬೈಯುತ್ತಿದ್ದಾಗಲೂ ಅವನು ಕಮಾನು ನೋಡುತ್ತಿದ್ದುದನ್ನು ಕಂಡು ಉಸ್ತಾದರು ನಕ್ಕು ಅವನ ಕೈಗೆ ಗಾಜು ಕೊಯ್ಯುವ ಹೀರಾ ಕೊಟ್ಟರು. ಹೀಗಾಗಿ ನಮ್ಮ ಮನೆಯಲ್ಲಿ ಕುರಿಗೂ ಜಗಳಕ್ಕೂ ಕನ್ನಡ, ಗಾಜಿಗೆ ದಕ್ಕನಿ ಉರ್ದು, ನನ್ನ ಶಾಲೆಗೆ ತೆಲುಗು. ಊರವರ ಬಾಯಲ್ಲಿ ಅಪ್ಪ ಕಾಂಚ್ ಬೀರಪ್ಪ, ಗಾಜಿನ ಬೀರಪ್ಪ. ನಾನು ಕಾಂಚ್ ಬೀರಪ್ಪನ ರತ್ನಿ. ಅವನ ಕಸುಬನ್ನೇ ಹಿಡಿದು ನಾನೂ ಅರವತ್ತರ ಹತ್ತಿರ ಬಂದಿದ್ದೇನೆ. ಕಣ್ಣು ಸೋತಿವೆ, ಬೆರಳಿನ ಗಂಟುಗಳು ಬೆಳಿಗ್ಗೆ ಮಡಚುವುದಿಲ್ಲ. ಎಷ್ಟೋ ಕಿಟಕಿ ಬಿಚ್ಚಿ ಕಟ್ಟಿದ್ದೇನೆ, ಒಂದರ ಹತ್ತಿರ ಮಾತ್ರ ಮತ್ತೆ ಹೋಗಿಲ್ಲ. ತಾಂಡೂರಿನಾಚೆ, ಪೆದ್ದೆಮುಲ್ ಕಡೆಯ ಒಂದು ಸಣ್ಣ ಚರ್ಚಿನ ಕಿಟಕಿ ಅದು. ಅದರಲ್ಲೊಂದು ತಪ್ಪಿದೆ. ತಪ್ಪು ನನ್ನದು, ಹೊತ್ತವನು ಅಪ್ಪ. ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅದಕ್ಕೆ ಮೊದಲು ಅಡುಗೆಮನೆಯ ಸಂಗತಿ ಹೇಳಬೇಕು, ಯಾಕೆಂದರೆ ನಮ್ಮ ಮನೆಯ ಎಲ್ಲ ಜಗಳವೂ ಅಲ್ಲೇ ಹುಟ್ಟುತ್ತಿತ್ತು. ಗಾಜು ಅಲುಗದಂತೆ ಮೆತ್ತುವ ಪುಟ್ಟಿಗೆ ಅಗಸೆ ಎಣ್ಣೆ ಬೇಕು. ಅವ್ವ ವರ್ಷಕ್ಕಾಗುವಷ್ಟು ಎಣ್ಣೆ ತೆಗೆಸಿ ಗಡಿಗೆಯಲ್ಲಿಟ್ಟರೆ ಅಪ್ಪ ಸಂಕ್ರಾಂತಿಯೊಳಗೆ ಅದರ ತಳ ಕಾಣಿಸುತ್ತಿದ್ದ. ಗಾಜಿನ ತುಂಡುಗಳನ್ನು ಅವನು ಇಡುತ್ತಿದ್ದುದು ಕುರಿಯ ಉಣ್ಣೆಯಲ್ಲಿ. ಅದು ಕುರಿಗಾರನಿಗಷ್ಟೇ ಹೊಳೆಯುವ ಉಪಾಯ, ಒಂದು ತುಂಡೂ ಬಿರುಕು ಬಿಡುತ್ತಿರಲಿಲ್ಲ. ಆದರೆ ಉಣ್ಣೆ ಆಯಿಯದು, ಎಂದರೆ ಅಪ್ಪನ ತಾಯಿಯದು. ಕಂಬಳಿಗೆಂದು ಅವಳು ಹಿಂಜಿಟ್ಟದ್ದು ಮರುದಿನ ಸಂತನ ಮೊಣಕಾಲಿನ ಕೆಳಗೆ ಸಿಕ್ಕುತ್ತಿತ್ತು.

“ಕುರಿ ನಂದು, ಉಣ್ಣಿ ನಂದು. ನಿನ್ನ ಗಾಜಿಗಿ ಹಾಸಗಿ ಮಾಡಾಕ ನಾ ಕುಂತಿಲ್ಲ ಬೀರ್ಯಾ” ಎನ್ನುತ್ತಿದ್ದಳು ಆಯಿ.

“ಗಾಜ ಒಡದ್ರ ಹೊಟ್ಟಿಗಿ ಏನ್ ತಿಂತಿ ಯವ್ವಾ?” ಎನ್ನುತ್ತಿದ್ದ ಅಪ್ಪ.

“ನೀ ಹುಟ್ಟೂಕಿಂತ ಮೊದ್ಲೂ ಉಂಡೀನಿ, ನಾ ಏನ್ ಉಪಾಸ ಇದ್ದೆನು?”

ಅವ್ವ ಹೀಗೆ ದೊಡ್ಡ ದನಿಯಲ್ಲಿ ಜಗಳವಾಡುವವಳಲ್ಲ. ಅವಳಿಗೆ ಆ ಮನೆಯಲ್ಲಿ ಇದ್ದ ಸೊಗಸು ಒಂದೇ: ಒಲೆಯ ಮೇಲಿನ ಗವಾಕ್ಷಿಯ ಹಸಿರು ಗಾಜು. ಉಸ್ತಾದರು ಮದುವೆಯ ಕಾಣಿಕೆಯೆಂದು ದೇವಡಿಯ ಹಳೆಯ ಗಾಜನ್ನು ಅಪ್ಪನಿಗೆ ಕೊಟ್ಟಿದ್ದರು, ಅಪ್ಪ ಅದನ್ನು ಅಲ್ಲಿ ಕೂರಿಸಿದ್ದ. ಬೆಳಗಿನ ಬಿಸಿಲಿಗೆ ಅವ್ವ ತಟ್ಟುವ ಜೋಳದ ರೊಟ್ಟಿ ಹಸಿರಾಗುತ್ತಿತ್ತು, ಅವಳ ಕೈ ಹಸಿರಾಗುತ್ತಿತ್ತು, ಹೊಗೆ ಕೂಡ ಹಸಿರಾಗುತ್ತಿತ್ತು. ಓಣಿಯ ಹೆಂಗಸರು ನೆಪ ಮಾಡಿಕೊಂಡು ಬೆಂಕಿ ಕೇಳಲು ಬರುತ್ತಿದ್ದರು. ಅವ್ವ ವಾರಕ್ಕೊಮ್ಮೆ ಸ್ಟೂಲು ಹತ್ತಿ ಸೆರಗಿನಿಂದ ಆ ಗಾಜು ಒರೆಸುತ್ತಿದ್ದಳು. ನಮ್ಮನ್ನು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

ಆ ಚರ್ಚಿನ ಕಿಟಕಿಯನ್ನು ಬೇಸಿಗೆಯ ಆಲಿಕಲ್ಲು ಮುರಿದಿತ್ತು. ಅಪ್ಪ ಅದನ್ನು ನೋಡಲು ಹೊರಟದ್ದು ಚಳಿಗಾಲದ ಮೊದಲಲ್ಲಿ, ನನ್ನನ್ನೂ ಕರೆದುಕೊಂಡು. ನಾನಾಗ ಐದನೆಯ ತರಗತಿ. ಅಪ್ಪನಿಗೆ ತೆಲುಗು ಮಾತಾಡಲು ಅಷ್ಟಿಷ್ಟು ಬರುತ್ತಿತ್ತು, ಓದಲು ಬರುತ್ತಿದ್ದುದು ಕನ್ನಡ ಅಕ್ಷರ ಮಾತ್ರ, ಅದೂ ಬೆರಳಿಟ್ಟು. ಆದ್ದರಿಂದ ಚರ್ಚಿನವರು ತೆಲುಗಿನಲ್ಲಿ ಹೇಳಿದ್ದನ್ನು, ಮನೆಯಲ್ಲೇ ಕಲಿತ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವ ಕೆಲಸ ನನ್ನದು. ಅದು ನನಗೆ ಎಷ್ಟು ದೊಡ್ಡಸ್ತಿಕೆಯ ಸಂಗತಿಯಾಗಿತ್ತೆಂದರೆ ಬಸ್ಸಿನುದ್ದಕ್ಕೂ ಪೆನ್ಸಿಲನ್ನು ಕಿವಿಯ ಮೇಲಿಟ್ಟುಕೊಂಡೇ ಇದ್ದೆ. ಕಿಟಕಿಯಲ್ಲಿದ್ದುದು ಕುರಿಮರಿ ಹೊತ್ತ ಕುರುಬ. ಮೇಲಿನ ಅರ್ಧ ಉಳಿದಿತ್ತು. ಅಪ್ಪ ಮೊದಲು ನೋಡಿದ್ದು ಕುರಿಯನ್ನು.

“ಇದು ನಮ್ಮ ಕಡಿ ಕುರಿ ಅಲ್ಲ. ಕಿವಿ ನೋಡು, ಮೊಲದ ಕಿವಿ ಇದ್ದಂಗ ಅದ” ಎಂದು ನನ್ನ ಕಿವಿಯಲ್ಲಿ ಹೇಳಿದ. ಕುರುಬನ ನಿಲುವಂಗಿಯ ಭಾಗ ಮಾತ್ರ ಪೂರ್ತಿ ಹೋಗಿತ್ತು. ಚೂರುಗಳನ್ನು ಯಾರೋ ಗುಡಿಸಿ ಪಾಳು ಬಾವಿಗೆ ಹಾಕಿದ್ದರಂತೆ. ಬಣ್ಣ ನೆನಪಿದ್ದುದು ಚರ್ಚಿನ ಬೀಗ ನೋಡಿಕೊಳ್ಳುತ್ತಿದ್ದ ಸುಗುಣಮ್ಮನಿಗೆ. ಸೂಲಗಿತ್ತಿಯಾಗಿ ಆ ಸುತ್ತಲಿನ ಅರ್ಧ ಜನರನ್ನು ಭೂಮಿಗೆ ತಂದ, ಬಿಳಿ ಸೀರೆಯ ಗಟ್ಟಿ ಹೆಂಗಸು. ಅಪ್ಪ ಅವರ ಮುಂದೆ ನನ್ನನ್ನು ನಿಲ್ಲಿಸಿದ.

“ನಮ್ಮ ಹುಡಿಗಿಗಿ ಮೂರು ಭಾಷಾ ಬರ್ತಾವರಿ. ಒಮ್ಮಿ ಹೇಳಿದ್ರ ಸಾಕು” ಎಂದು ಹೇಳಿ ಅಳತೆ ತೆಗೆಯಲು ಹೊರಗೆ ಹೋಗಿ ಏಣಿ ಹತ್ತಿದ.

ಸುಗುಣಮ್ಮ ಒಳಗಿನ ಮೆಟ್ಟಿಲ ಮೇಲೆ ಕೂತು ಒಂದೊಂದೇ ಬಣ್ಣ ಹೇಳಿದರು. ಆಕಾಶ ನೀಲಿ, ಅಂಚು ಕೆಂಪು. ಆಮೇಲೆ ನಿಲುವಂಗಿಗೆ ಬಂದರು.

“ಬಟ್ಟ ಮಾತ್ರಂ ಪಚ್ಚ, ಬಿಡ್ಡಾ. ಪಚ್ಚ.”

ನನ್ನ ಪೆನ್ಸಿಲು ನಿಂತಿತು. ತೆಲುಗಿನಲ್ಲಿ ಪಚ್ಚ ಎರಡು. ಆಕುಪಚ್ಚ ಎಂದರೆ ಎಲೆಯ ಬಣ್ಣ, ಪಸುಪುಪಚ್ಚ ಎಂದರೆ ಅರಿಸಿನದ ಬಣ್ಣ. ಬರೀ ಪಚ್ಚ ಎಂದರೆ ಹೇಳುವವರ ಮನಸ್ಸಿನಲ್ಲಿರುವುದು. ನಮ್ಮ ಮನೆಯ ಕನ್ನಡದಲ್ಲಿ ಪಚ್ಚಿ ಎಂದರೆ ಹಸಿರು, ನನ್ನ ಶಾಲೆಯ ಪುಸ್ತಕದಲ್ಲೂ ಪಚ್ಚನಿ ಚೆಟ್ಟು, ಹಸಿರು ಮರ. ಆದರೆ ಇನ್ನೊಂದು ಇದೆಯೆಂದು ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಏ ಪಚ್ಚ, ಯಾವ ಪಚ್ಚ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳಿದರೆ, ‘ಒಮ್ಮೆ ಹೇಳಿದರೆ ಸಾಕು’ ಎಂಬ ಅಪ್ಪನ ಮಾತು ಸುಳ್ಳಾಗುತ್ತಿತ್ತು. ನಾನು ತಡೆದದ್ದನ್ನು ಕಂಡು ಸುಗುಣಮ್ಮ ತಾವೇ ಸಹಾಯಕ್ಕೆ ಬಂದರು. ಕಿಟಕಿಯ ಗಾಜು ಹೋದ ಭಾಗದಾಚೆ ಕೈ ತೋರಿಸಿದರು.

“ಕುಸುಮ ಲೆಕ್ಕ.”

ಕುಸುಬಿಯ ಹಾಗೆ ಎಂದರ್ಥ. ನೋಡಿದೆ. ಚರ್ಚಿನ ಗೋಡೆಯಾಚೆ ಕುಸುಬಿಯ ಹೊಲವಿತ್ತು. ಮುಳ್ಳೆಲೆಯ ಗಿಡಗಳು ಮೊಣಕಾಲೆತ್ತರ ಬಂದಿದ್ದವು, ಒಂದು ಹೂವೂ ಬಿಟ್ಟಿರಲಿಲ್ಲ. ಹೊಲ ಹಸಿರಾಗಿತ್ತು. ನಾನು ಸಮಾಧಾನದಿಂದ ಹಸಿರು ಎಂದು ಬರೆದುಕೊಂಡೆ.

ಆ ಸಂಜೆ ರೊಟ್ಟಿ, ಪುಂಡಿಪಲ್ಯದ ಮುಂದೆ ಕೂತು ಇದನ್ನೆಲ್ಲ ಜಂಭದಿಂದ ಹೇಳಿದೆ. ಪಚ್ಚ ಅಂದ್ರು, ಕುಸುಬಿ ಹೊಲ ತೋರಿಸಿದ್ರು, ನಾ ಹಸಿರು ಬರದೆ ಎಂದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡ.

“ಕುಸುಬಿ ಅಂದ್ರಾ?”

“ಹೂಂ. ಕುಸುಮ ಲೆಕ್ಕ ಅಂದ್ರು.”

ಅವನು ಮತ್ತೆ ಉಣ್ಣತೊಡಗಿದ. ಮರುದಿನ ಪಡಸಾಲೆಯಲ್ಲಿ ಚಿತ್ರ ಬರೆದು ಮುಗಿಸಿ ಸೀಮೆಸುಣ್ಣ ನನ್ನ ಕೈಗಿಟ್ಟು “ಬರಿ ಯವ್ವಾ” ಎಂದ. ನಿಲುವಂಗಿಯ ಒಂಬತ್ತು ತುಂಡುಗಳಲ್ಲೂ ನಾನು ದುಂಡಗೆ ಹಸಿರು, ಹಸಿರು ಎಂದು ಬರೆದೆ. ಅಷ್ಟು ಚೆಂದದ ಅಕ್ಷರ ನಾನು ಆಮೇಲೆ ಬರೆದಿಲ್ಲ.

ಹಳೆಯ ಕಿಟಕಿಗೆ ಹೊಸ ಗಾಜು ಹೊಂದುವುದಿಲ್ಲ. ಈಗಿನ ಗಾಜು ಎಲ್ಲ ಕಡೆ ಒಂದೇ ದಪ್ಪ, ಬೆಳಕು ಅದರೊಳಗೆ ಸುಮ್ಮನೆ ಹಾದು ಹೋಗುತ್ತದೆ. ಹಳೆಯದರಲ್ಲಿ ಗುಳ್ಳೆ ಇರುತ್ತದೆ, ಅಲೆ ಇರುತ್ತದೆ, ಬೆಳಕು ಅಲ್ಲಲ್ಲಿ ತಡೆಯುತ್ತದೆ. ಅಪ್ಪ ಜಹೀರಾಬಾದು ಸುತ್ತಿದ, ತಾಂಡೂರು ಸುತ್ತಿದ, ಉಣ್ಣೆಯ ಗಂಟುಗಳನ್ನೆಲ್ಲ ಬಿಚ್ಚಿ ನೋಡಿದ. ಇದ್ದ ಹಸಿರು ಅರ್ಧಕ್ಕೂ ಸಾಲಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಬಂದು ನಿಂತು ಗವಾಕ್ಷಿಯ ಕಡೆ ನೋಡಿದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಅವನು ಇನ್ನೂ ಬಾಯಿ ತೆರೆದಿರಲಿಲ್ಲ.

“ಅದಕ್ಕ ಕೈ ಹಚ್ಚಬ್ಯಾಡ್ರಿ. ಎಣ್ಣಿ ಒಯ್ದ್ರಿ, ಸುಮ್ಮನಿದ್ದೆ. ಪಡಸಾಲಿ ಒಯ್ದ್ರಿ, ಸುಮ್ಮನಿದ್ದೆ. ಮನಿಗಿ ಮಾರಿ, ಊರಿಗಿ ಉಪಕಾರಿ ಆಗಬ್ಯಾಡ್ರಿ.”

ಅವ್ವ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಆಯಿ ಕೂಡ ಉಣ್ಣೆಯ ವಿಷಯ ಎತ್ತಲಿಲ್ಲ. ಮೂರನೆಯ ದಿನ ಅಪ್ಪ ಅವ್ವನನ್ನು ಹಿತ್ತಲಿಗೆ ಕರೆದ. ಇಬ್ಬರೂ ಕುರಿದೊಡ್ಡಿಯ ಹತ್ತಿರ ನಿಂತು ಏನೋ ಮಾತಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಒಳಗೆ ಬಂದು, ಸ್ಟೂಲು ಹಾಕಿಕೊಂಡು, ರೊಟ್ಟಿ ಮಗುಚುವ ಕಬ್ಬಿಣದ ಹುಟ್ಟಿನಿಂದ ತಾನೇ ಪುಟ್ಟಿ ಕೆರೆದು ಗಾಜು ಬಿಡಿಸಿದಳು. ಒರೆಸಿ, ಉಣ್ಣೆಯಲ್ಲಿ ಸುತ್ತಿ, ಅಪ್ಪನ ಕೈಗೆ ಕೊಟ್ಟಳು. ಗವಾಕ್ಷಿಗೆ ಎಣ್ಣೆ ಡಬ್ಬಿಯ ತಗಡು ಬಂತು. ಜಗಳದಲ್ಲಿ ಅವ್ವ ಸೋತಳು ಎಂದು ನಾನು ತಿಳಿದೆ, ಅವಳ ಮೇಲೆ ಸ್ವಲ್ಪ ಕನಿಕರವೂ ಪಟ್ಟೆ.

ಕಿಟಕಿ ಕೂರಿಸಲು ಹೋದಾಗ ಚಳಿ ಮುಗಿಯುತ್ತಿತ್ತು, ಈಸ್ಟರಿಗೆ ಮುಂಚಿನ ಉಪವಾಸ ಹತ್ತಿರ ಬಂದಿತ್ತು. ಎರಡು ಭಾಗ ಮಾಡಿ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಒಂದು ಅಪ್ಪನ ತೊಡೆಯ ಮೇಲೆ, ಒಂದು ನನ್ನ ತೊಡೆಯ ಮೇಲೆ. ಕಾಲು ಜೋಮು ಹಿಡಿದರೂ ಅಲುಗಲಿಲ್ಲ. ಚರ್ಚಿನಲ್ಲಿ ಜನ ಸೇರಿದ್ದರು. ಕಿಟಕಿಯ ಜಾಗಕ್ಕೆ ಕಟ್ಟಿದ್ದ ತಾಡಪತ್ರಿಯನ್ನು ಯಾರೋ ಎಳೆದು ತೆಗೆದರು. ಆಚೆ ಕುಸುಬಿಯ ಹೊಲ ಕಂಡಿತು. ಹೂ ಬಿಟ್ಟಿತ್ತು. ಈ ತುದಿಯಿಂದ ಆ ತುದಿಯವರೆಗೆ ಹಳದಿ.

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಕಿಟಕಿ ಇನ್ನೂ ಕಂಬಳಿಯಲ್ಲಿತ್ತು, ಹೇಳಲು ಸಮಯವಿತ್ತು. ನಾನು ಕಂಬದ ಪಕ್ಕಕ್ಕೆ ಸರಿದೆ. ಅಪ್ಪ ಕಂಬಳಿ ಬಿಚ್ಚಿದ, ನಾಲ್ಕು ಜನ ಎತ್ತಿ ಕೂರಿಸಿದರು. ನೆಲದ ಕಲ್ಲಿನ ಮೇಲೆ, ಜನರ ಪಾದಗಳ ಮೇಲೆ, ನಮ್ಮ ಅಡುಗೆಮನೆಯ ಹಸಿರು ಬಿತ್ತು. ಎಲ್ಲರಿಗಿಂತ ಮೊದಲು ಸುಗುಣಮ್ಮ ಮುಂದೆ ಬಂದರು.

“ಇದೇಂದಿ ಬೀರಪ್ಪಾ? ಪಚ್ಚ ಅಂಟಿನಿ ಕದಾ. ಇದಿ ಆಕುಪಚ್ಚ!”

ನಾನು ಹಳದಿ ಹೇಳಿದರೆ ನೀನು ಎಲೆಯ ಬಣ್ಣ ಹಾಕಿದೆಯಲ್ಲ ಎಂದು ಅವರು ಅಳುವ ದನಿಯಲ್ಲಿ ಹೇಳಿದರು. ಹಿಂದಿನಿಂದ ಒಬ್ಬ, ಕುರಿ ಕಾಯುವವನಿಗೆ ಗಾಜಿನ ಕೆಲಸ ಕೊಟ್ಟರೆ ಹೀಗೇ ಆಗುವುದು ಎಂದ. ತೆಲುಗಿನಲ್ಲೇ ಅಂದ, ಆದರೆ ಅಷ್ಟು ತೆಲುಗು ಅಪ್ಪನಿಗೆ ಬರುತ್ತಿತ್ತು. ಅಪ್ಪ ಕೈಯಲ್ಲಿದ್ದ ಪುಟ್ಟಿಯ ಮುದ್ದೆಯನ್ನು ಉಂಡೆ ಮಾಡುತ್ತ ನಿಂತಿದ್ದ. ಒಮ್ಮೆ ಹೊಲದ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ.

“ತಪ್ಪು ನಾದೇ ಅಮ್ಮಾ. ನೇನೇ ತಪ್ಪು ವಿನ್ನ.”

ತಪ್ಪು ನನ್ನದು, ನಾನೇ ತಪ್ಪಾಗಿ ಕೇಳಿಸಿಕೊಂಡೆ ಎಂದ. ಅವನು ಕೇಳಿಸಿಕೊಂಡಿರಲೇ ಇಲ್ಲ, ಆ ಹೊತ್ತಿಗೆ ಹೊರಗೆ ಏಣಿಯ ಮೇಲಿದ್ದ. ನಾನು ಕಂಬದ ಪಕ್ಕ ನಿಂತಿದ್ದೆ. ಹತ್ತು ಹೆಜ್ಜೆ ಕೂಡ ದೂರವಿರಲಿಲ್ಲ. ಬಾಯಿ ಬಿಡಲಿಲ್ಲ.

ಉಪವಾಸದ ದಿನಗಳು ಬಂದುಬಿಟ್ಟಿದ್ದವು, ಸದ್ಯಕ್ಕೆ ಇರಲಿ ಎಂದರು. ಆ ಸದ್ಯ ಇವತ್ತಿನ ತನಕ ಮುಗಿದಿಲ್ಲ. ತಾಂಡೂರು ಕಡೆಯಿಂದ ಅಪ್ಪನನ್ನು ಮತ್ತೆ ಯಾರೂ ಕರೆಯಲಿಲ್ಲ. ಮನೆಗೆ ಬಂದ ಮೇಲೆ ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಬದಲಿಗೆ ಅವನು ಮತ್ತೆಂದೂ ಸೀಮೆಸುಣ್ಣವನ್ನು ನನ್ನ ಕೈಗೆ ಕೊಡಲಿಲ್ಲ. ಬಣ್ಣ ಕೇಳಲು ಹೋಗುವಾಗ ಗಾಜಿನ ಚೂರುಗಳನ್ನೇ ಕೈಚೀಲದಲ್ಲಿ ಒಯ್ಯುತ್ತಿದ್ದ, ಬಿಸಿಲಿಗೆ ಹಿಡಿದು ಇದೋ, ಇದೋ ಎಂದು ತೋರಿಸಿ ಕೇಳುತ್ತಿದ್ದ. ಎರಡು ವರ್ಷ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಇದೇ ನನಗೆ ಶಿಕ್ಷೆ ಎಂದು ನಾನು ಅರ್ಥ ಮಾಡಿಕೊಂಡೆ. ಮುಂದೆ ಕಸುಬು ಕಲಿಸಿದ, ಹೀರಾ ಕೊಟ್ಟ, ಆದರೆ ನನ್ನ ಅಕ್ಷರದ ಮೇಲೆ ಅವನಿಗೆ ನಂಬಿಕೆ ಹೋಯಿತು ಎಂಬುದು ನನ್ನೊಳಗೆ ಗಟ್ಟಿಯಾಗಿ ಕೂತಿತು. ನಾನು ಯಾವುದನ್ನೂ ಎರಡು ಸಲ ಕೇಳದೆ ಮಾಡದವಳಾದೆ. ಎಷ್ಟು ಉಪ್ಪು, ಯಾವ ಬಸ್ಸು, ಯಾವ ನೀಲಿ. “ನಿನ್ನ ಸಂಗಟ ಮಾತಾಡೂದಂದ್ರ ಕೋರ್ಟಿನ್ಯಾಗ ಸಾಕ್ಷಿ ಹೇಳಿದಂಗ” ಎಂದು ನನ್ನ ಗಂಡ ನಗುತ್ತಿದ್ದರು. ಹೀಗೆ ಕೇಳಿ ಕೇಳಿಯೇ ನನಗೆ ಈ ಕೆಲಸದಲ್ಲಿ ಒಳ್ಳೆಯ ಹೆಸರು ಬಂತು. ಹೆಸರು ಬಂದಷ್ಟೂ ದಣಿವಾಯಿತು. ಸೀಸದ ಕೆಲಸದಲ್ಲಿ ಅಪ್ಪನ ಕೈಗಳು ಕಡೆಕಡೆಗೆ ಲೋಟ ಹಿಡಿಯದಂತಾದವು, ನಾನೇ ನೀರು ಕುಡಿಸುತ್ತಿದ್ದೆ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ, ಅವನು ಹೋದ.

ಹೋದ ತಿಂಗಳು ಆ ಚರ್ಚಿನಿಂದ ಫೋನು ಬಂತು. ಎಳೆಯ ದನಿಯ ಪಾದ್ರಿ. ಸೀಸ ಸೋತು ಕಿಟಕಿ ಹೊಟ್ಟೆ ಬಿಟ್ಟಿದೆಯಂತೆ, ಪೂರ್ತಿ ಬಿಚ್ಚಿ ಕಟ್ಟಬೇಕಂತೆ. ಅರ್ಧ ಗಾಜು ಬಿರುಕು ಬಿಟ್ಟಿದೆ, ಹೊಸದು ಹಾಕಬೇಕು. ಬಟ್ಟೆಯನ್ನು ಮುಂಚಿನ ಹಾಗೆಯೇ ಪಚ್ಚಗೆ ಮಾಡಿಕೊಡಿ ಅಮ್ಮಾ ಎಂದರು. ಎಲ್ಲವನ್ನೂ ಎರಡು ಸಲ ಕೇಳುವ ನಾನು, ಆಯಿತು ಎಂದು ಹೇಳಿ ಫೋನು ಇಟ್ಟೆ. ಯಾವ ಮುಂಚೆ, ಯಾವ ಪಚ್ಚ, ಕೇಳಲಿಲ್ಲ. ಕೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ.

ಅವ್ವ ಈಗ ಜಹೀರಾಬಾದಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಎದುರಿಗೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಯಾರ ಫೋನು ಎಂದು ಕೇಳಿದಳು. ಹೇಳಿದೆ. ಹೇಳುತ್ತ ಹೇಳುತ್ತ ಉಳಿದದ್ದೂ ಬಾಯಿಗೆ ಬಂತು.

“ಅವ್ವಾ, ಆ ಹಸಿರು ನಾ ಬರದಿದ್ದು. ಅಪ್ಪಂದೇನೂ ತಪ್ಪಿಲ್ಲ.”

ಅವ್ವ ಬೇಳೆಯಿಂದ ಕಣ್ಣೆತ್ತಲಿಲ್ಲ.

“ಗೊತ್ತದ. ನಿಮ್ಮಪ್ಪಗೂ ಗೊತ್ತಿತ್ತು.”

“ಯಾವಾಗ?”

“ಗಾಜ ಕೊಯ್ಯೂಕಿಂತ ಮೊದ್ಲೇ. ಹಿತ್ತಲದಾಗ ಕರದು ಹೇಳ್ದ್ರು. ಕುಸುಬಿ ಹೂವ ಹಳದಿ ಇರ್ತದ, ಹುಡಿಗಿ ಹಸಿರು ಬರದಾಳ, ನಂಗ್ಯಾಕೋ ಅನುಮಾನ ಅದ ಅಂದ್ರು. ಹಂಗಿದ್ರ ಹೋಗಿ ಕೇಳಿ ಬರ್ರಿ ಅಂದೆ.”

“ಯಾಕ ಹೋಗ್ಲಿಲ್ಲ?”

“ಅದಕ್ಕ ಅವ್ರು, ನಾ ಅಡವ್ಯಾಗ ಕುರಿ ಕಾದಾಂವ, ಅಕಿ ಸಾಲಿ ಕಲತಾಕಿ. ಅಕಿ ಬರದದ್ದು ಖರೆ ಅದನ ಅಂತ ನಾ ಹೋಗಿ ಮಂದಿನ ಕೇಳಿದ್ರ ಅಕಿ ಮಾರಿ ಎಲ್ಲಿ ಇಟ್ಕೋಬೇಕು ಅಂದ್ರು. ಹಂಗಂದ ಮ್ಯಾಲ ನಾ ಏನ್ ಮಾಡ್ಲಿ? ಗಾಜ ಬಿಡಿಸಿ ಕೊಟ್ಟೆ.”

ಅಪ್ಪನ ಮೇಲೆ ಸಿಟ್ಟು ಬಂತು, ನಿಜವಾಗಿ ಸಿಟ್ಟು ಬಂತು. ಅವನು ಹೋಗಿ ಕೇಳಬೇಕಿತ್ತು. ಅವನ ಮಾತು ಉಳಿಯಲಿ ಎಂದು ನಾನು ಕೇಳಲಿಲ್ಲ, ನನ್ನ ಮುಖ ಉಳಿಯಲಿ ಎಂದು ಅವನು ಕೇಳಲಿಲ್ಲ.

“ಮತ್ತ ಸೀಮಿಸುಣ್ಣ? ಆಮ್ಯಾಲ ನನಗ ಬರಿ ಅಂತ ಅನ್ಲೇ ಇಲ್ಲಲ್ಲ?”

“ನೀ ಸೀಮಿಸುಣ್ಣ ಕಂಡ್ರ ಅಳ್ತಿದ್ದಿ. ಕೈಗಿ ಕೊಟ್ರ ನಡಗ್ತಿದ್ದಿ. ಅದಕ್ಕ ಕೊಡೂದ ಬಿಟ್ರು. ನಿನಗ ನೆಪ್ಪಿಲ್ಲೇನು?”

ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಆ ಅಳು ನನಗೆ ಸಿಗುತ್ತಿಲ್ಲ.

ಅವ್ವ ಮೊರವನ್ನು ಒಮ್ಮೆ ಕೊಡವಿ ಕೆಳಗಿಟ್ಟಳು.

“ಇಷ್ಟು ವರ್ಷ ಇಬ್ಬರೂ ಕೇಳ್ಲಿಲ್ಲ. ಈಗರ ಫೋನ್ ಮಾಡಿ ಕೇಳು, ಯಾ ಪಚ್ಚ ಅಂತ.”

ಫೋನು ಹಚ್ಚಿದೆ. ಏ ಪಚ್ಚ ಎಂದು ಕೇಳಿದೆ. ಪಾದ್ರಿ ನಕ್ಕರು. ಆಕುಪಚ್ಚವೇ ಅಮ್ಮಾ, ಮೊದಲಿನಿಂದಲೂ ಅದೇ ಅಲ್ಲವೇ ಎಂದರು. ಅವರು ಹುಟ್ಟುವ ಮೊದಲಿನಿಂದಲೂ ಅದು ಹಸಿರೇ, ಅವರ ತಪ್ಪೇನಿದೆ.

“ಕಾದು ಬಾಬೂ. ಮೊದಟ ಪಸುಪುಪಚ್ಚ ಉಂಡೆ. ಆಕುಪಚ್ಚ ಅನಿ ರಾಸಿಂದಿ ನೇನು.”

ಇಲ್ಲಪ್ಪ, ಮೊದಲು ಹಳದಿ ಇತ್ತು, ಹಸಿರು ಎಂದು ಬರೆದವಳು ನಾನು ಎಂದೆ. ಆ ಕಡೆ ಏನೋ ಗದ್ದಲವಿತ್ತು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಮ್ಮಾ ಎಂದರು. ಮೊದಲನೆಯ ಸಲ ಹೇಳುವುದಕ್ಕೇ ನನಗೆ ಒಂದು ಆಯುಷ್ಯ ಹಿಡಿದಿತ್ತು. ಉಸಿರು ತೆಗೆದುಕೊಂಡು ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ. ಅಪ್ಪನ ಹೆಸರು ಹೇಳಿ, ಅವನು ಆ ಮಾತು ಕೇಳಿಸಿಕೊಂಡಿರಲೇ ಇಲ್ಲ, ಹೊರಗೆ ಏಣಿಯ ಮೇಲಿದ್ದ ಎಂಬುದನ್ನೂ ಹೇಳಿದೆ.